ಐಸಮ್ಮನ ಕಿವಿ ಮತ್ತು ನಲವತ್ತೊಂದನೆಯ ಚಿತ್ರ

1962ರ ಫೆಬ್ರವರಿ ಹನ್ನೊಂದು, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಮನೋರಮಾ ಟೀಚರ್ ಕುಂಬ್ರದ ಒಂದು ಮನೆಯ ಜಗಲಿಯಲ್ಲಿ ಕುಳಿತು, ಎಪ್ಪತ್ತು ದಾಟಿದ ಐಸಮ್ಮನ ಎಡಗಿವಿಯ ಅಂಚನ್ನು ತೀರ ಹತ್ತಿರದಿಂದ ನೋಡುತ್ತಿದ್ದರು. ಕೈಯಲ್ಲಿ ಶಾಲೆಯ ಪ್ರಯೋಗಶಾಲೆಯಿಂದ ಕೇಳಿ ತಂದ ವರ್ನಿಯರ್ ಕ್ಯಾಲಿಪರ್ ಇತ್ತು. ಮೊಣಕಾಲ ಮೇಲೆ ನೋಟುಬುಕ್ಕು. ಮುಖ ಸಿಟ್ಟಿನಿಂದ ಕೆಂಪಾಗಿತ್ತು.

ಸಿಟ್ಟಿಗೆ ಕಾರಣ ಒಂದು ಪುಸ್ತಕ. ಮೂರು ವರ್ಷದ ಹಿಂದೆ ಅಣ್ಣ ಯಜ್ಞೇಶ್ವರ ಮದರಾಸಿನ ಹಳೆ ಪುಸ್ತಕದ ರಾಶಿಯಿಂದ ಅದನ್ನು ಹೆಕ್ಕಿ ತಂದಿದ್ದ. ಒಡವೆಗಳ ಚಿತ್ರ ಇದೆಯಲ್ಲ, ಹೆಂಡತಿಗೆ ಖುಷಿಯಾದೀತು ಅಂತ. ಹೆಂಡತಿ ಎರಡು ಪುಟ ಮಗುಚಿ ಪಕ್ಕಕ್ಕಿಟ್ಟಳು. ಮನೋರಮಾ ಎತ್ತಿಕೊಂಡರು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಪ್ರಾಚೀನ ಸಮಾಧಿಗಳಲ್ಲಿ ಸಿಕ್ಕ ಆಭರಣಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ದಪ್ಪ ಪುಸ್ತಕ. ಪುತ್ತೂರಿನ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದ, ಮದುವೆಯಾಗದ, ಮೂವತ್ನಾಲ್ಕು ವರ್ಷದ ಆ ಟೀಚರ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು. ಯಾವ ದ್ವೀಪದ ಅಕ್ಕಸಾಲಿಗ ಸಾಸಿವೆಗಿಂತ ಸಣ್ಣ ಚಿನ್ನದ ಕಾಳುಗಳನ್ನು ಸಾಲಾಗಿ ಕೂರಿಸುತ್ತಿದ್ದ, ಯಾವ ಊರಿನ ಹೆಂಗಸರು ಹಾವಿನ ಆಕಾರದ ಬಳೆ ತೊಡುತ್ತಿದ್ದರು ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು.

ನಲವತ್ತೊಂದನೆಯ ಚಿತ್ರ ಒಂದು ಹಾರದ್ದು. ಒಬ್ಬ ಹೆಂಗಸಿನ ಸಮಾಧಿಯಲ್ಲಿ, ತಲೆಬುರುಡೆಯ ಎರಡೂ ಬದಿ, ಹದಿನಾಲ್ಕು ಸಣ್ಣ ಚಿನ್ನದ ಉಂಗುರಗಳು ಸಿಕ್ಕಿದ್ದವು. ಅಗೆದವರು ಎಲ್ಲವನ್ನೂ ಬಳಿದು ಒಂದೇ ಡಬ್ಬಿಗೆ ಹಾಕಿದ್ದರು. ಏಳು ಅಳತೆ, ಒಂದೊಂದು ಅಳತೆಯದು ಎರಡೆರಡು. ಪುಸ್ತಕ ಬರೆದವನು ಅವನ್ನು ದಾರಕ್ಕೆ ಪೋಣಿಸಿ, ತುದಿಗಳಲ್ಲಿ ಚಿಕ್ಕವು, ನಡುವೆ ದೊಡ್ಡವು ಎಂದು ಜೋಡಿಸಿ ಹಾರ ಮಾಡಿದ್ದ. ಒಂದು ಸಂಗತಿ ಮಾತ್ರ ಅವನಿಗೆ ಹೊಂದಲಿಲ್ಲ. ಉಂಗುರಗಳು ಪೂರ್ತಿ ಮುಚ್ಚಿರಲಿಲ್ಲ. ಚೂಪಾದ ಒಂದು ತುದಿ ಮೊಂಡಾದ ಇನ್ನೊಂದು ತುದಿಯ ಪಕ್ಕಕ್ಕೆ, ಸ್ಕ್ರೂವಿನ ಸುತ್ತಿನ ಹಾಗೆ, ಸರಿದು ನಿಂತಿತ್ತು. ಏಳರಲ್ಲಿ ಬಲಸುತ್ತು, ಏಳರಲ್ಲಿ ಎಡಸುತ್ತು. ಬಲಸುತ್ತಿನ ಉಂಗುರವನ್ನು ಹೇಗೆ ಮಗುಚಿ ಹಾಕಿದರೂ ಅದು ಎಡಸುತ್ತು ಆಗುವುದಿಲ್ಲ. ಹಾರಕ್ಕೆ ಎರಡು ಬಗೆಯ ಸುತ್ತು ಯಾಕೆ? ಕೆಲಸಗಾರ ಅಜಾಗರೂಕ, ಎಡಬಲದ ಪರಿವೆ ಇಲ್ಲದವನು ಎಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟು ಅವನು ಮುಂದಿನ ಚಿತ್ರಕ್ಕೆ ಹೋಗಿದ್ದ.

ಆ ಜನವರಿಯಲ್ಲಿ ಎರಡನೆಯ ಸಲ ಓದುವಾಗ ಆ ವಾಕ್ಯ ಮನೋರಮಾರ ಮೈ ಉರಿಸಿತು. ಕೂದಲಿನಷ್ಟು ತೆಳುವಾದ ಕೆಲಸ ಮಾಡಿದವನಿಗೆ ಎಡಬಲ ಗೊತ್ತಿರಲಿಲ್ಲವೇ? ಹದಿನೈದು ದಿನ ಆ ಚಿತ್ರ ಅವರ ತಲೆಯಿಂದ ಇಳಿಯಲಿಲ್ಲ. ಹದಿನಾರನೆಯ ದಿನ ಕುಂಬ್ರದ ಮೂಸಕುಂಞಿಯ ಜೀನಸು ಅಂಗಡಿಗೆ ಹೋದಾಗ ಅವನ ತಾಯಿ ಐಸಮ್ಮ ಒಳಗಿನಿಂದ ಬಂದರು. ಹಾಲೆಯಿಂದ ಮೇಲಿನ ತುದಿಯವರೆಗೆ ಕಿವಿಯ ಅಂಚಿನುದ್ದಕ್ಕೂ ಏಳು ಚಿನ್ನದ ಉಂಗುರ. ಅಲಿಕತ್ತು. ಹುಟ್ಟಿದಂದಿನಿಂದ ಬ್ಯಾರಿ ಮುಸಲ್ಮಾನ ಹೆಂಗಸರ ಕಿವಿಯಲ್ಲಿ ಕಂಡದ್ದೇ, ಆದರೆ ನೋಡಿರಲಿಲ್ಲ. ಆಗ ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

ಹಾಗೆ ಆ ಭಾನುವಾರ ಅವರು ಜಗಲಿಯಲ್ಲಿ ಕುಳಿತದ್ದು. ಐಸಮ್ಮ ಎರಡೂ ಕಿವಿಯ ಉಂಗುರಗಳನ್ನು ಒಂದೊಂದಾಗಿ ಬಿಚ್ಚಿಕೊಟ್ಟರು. ಮನೋರಮಾ ಅಳೆದರು: ಕೆಳಗಿನದು ದೊಡ್ಡದು, ಮೇಲೆ ಹೋದ ಹಾಗೆ ಚಿಕ್ಕದು, ಏಳು ಅಳತೆ; ಒಂದು ಕಿವಿಯವೆಲ್ಲ ಬಲಸುತ್ತು, ಇನ್ನೊಂದರವೆಲ್ಲ ಎಡಸುತ್ತು. ಆಮೇಲೆ ಹದಿನಾಲ್ಕನ್ನೂ ಒಂದು ಪಿಂಗಾಣಿ ಬಸಿಗೆ ಹಾಕಿ ಕಲಸಿದರು, ಸಮಾಧಿ ಅಗೆದವರು ಕಲಸಿದ ಹಾಗೆ. ಕಣ್ಣು ಮುಚ್ಚಿಕೊಂಡು ಎಡದ್ದು ಬಲದ್ದು ಬೇರೆ ಮಾಡಬಹುದೇ ಎಂದು ತುಳುವಿನಲ್ಲಿ ಕೇಳಿದರು. ಮುದುಕಿ ನಕ್ಕು, ತಲೆವಸ್ತ್ರದ ಸೆರಗನ್ನು ಕಣ್ಣಿಗೆ ಕಟ್ಟಿಕೊಂಡು, ಬೆರಳ ತುದಿಯಿಂದ ಒಂದೊಂದನ್ನೇ ಸವರಿ ಎರಡು ಗುಂಪು ಮಾಡಿದರು. ಒಂದೂ ತಪ್ಪಲಿಲ್ಲ. ಇನ್ನೆರಡು ಸಲ ಕಲಸಿ ಕೊಟ್ಟರೂ ತಪ್ಪಲಿಲ್ಲ.

"ಎಡದ್ದು ಬಲಕ್ಕೆ ಹಾಕಿದ್ರೆ ಮೊನೆ ಮುಂದೆ ಬರ್ತದೆ ಟೀಚರಮ್ಮ. ತಲೆವಸ್ತ್ರ ಸಿಕ್ಕಿ ಹರೀತದೆ. ಇಷ್ಟೂ ಗೊತ್ತಿಲ್ಲದವ ಪುಸ್ತಕ ಬರೆದದ್ದಾ?"

"ಬರೆದದ್ದು ಉಮ್ಮ. ಆಚಾರಿಗೆ ಕೆಲಸ ಬರುದಿಲ್ಲ ಅಂತ ಬರೆದದ್ದು."

ಐಸಮ್ಮ ಉಂಗುರಗಳನ್ನು ಮತ್ತೆ ಕಿವಿಗೆ ಹಾಕತೊಡಗಿದರು. "ಅವನ ಅಮ್ಮನಿಗೆ ಕಿವಿ ಇರ್ಲಿಲ್ವಾ?"

ಮನೋರಮಾ ಎಂಟು ಪುಟದ ಲೇಖನ ಬರೆದರು. ಹದಿನಾಲ್ಕು ಉಂಗುರ ಹಾರದ್ದಲ್ಲ, ಎರಡು ಕಿವಿಯದ್ದು. ಆ ಅಕ್ಕಸಾಲಿಗ ಎಡಬಲ ತಿಳಿದೇ ಕೆಲಸ ಮಾಡಿದವನು ಎಂಬುದು ಅದರ ಸಾರ. ದೂರದ ಒಂದು ನಗರದ ಇತಿಹಾಸ ಸಂಘಕ್ಕೆ ಕಳಿಸಿದರು. ಅದರ ಅಧ್ಯಕ್ಷರಾದ ಪ್ರೊಫೆಸರರಿಂದ ನಾಲ್ಕು ಸಾಲಿನ ಕಾರ್ಡು ಬಂತು. ಮನೆಯೊಳಗಿನ ಹೆಂಗಸರ ಮಾತು ಸಾಕ್ಷ್ಯವಾಗುವುದಿಲ್ಲ; ಒಬ್ಬ ಮುದುಕಿಯ ಕಿವಿಯಿಂದ ಏನೂ ಸಿದ್ಧವಾಗುವುದಿಲ್ಲ.

ಮೊದಲ ಮಾತಿಗೆ ಮನೋರಮಾರಿಗೆ ಸಿಟ್ಟು ಬಂತು. ಎರಡನೆಯದಕ್ಕೆ ಅದರ ಹತ್ತು ಪಟ್ಟು ಸಿಟ್ಟು ಬಂತು, ಯಾಕೆಂದರೆ ಅದು ಸರಿಯಾಗಿತ್ತು. ಒಬ್ಬರ ಕಿವಿಯಿಂದ ಏನೂ ಸಿದ್ಧವಾಗುವುದಿಲ್ಲ. ಕಾರ್ಡನ್ನು ನೋಟುಬುಕ್ಕಿನ ಮೊದಲ ಪುಟಕ್ಕೆ ಗೋಂದಿನಿಂದ ಅಂಟಿಸಿ ಅವರು ಎಣಿಸಲು ಹೊರಟರು.

ಎರಡು ವರ್ಷ, ಭಾನುವಾರ ಮತ್ತು ರಜೆಯ ದಿನಗಳಲ್ಲಿ, ಕುಂಬ್ರ, ಸವಣೂರು, ಕಡಬ, ಸುಳ್ಯ. ಸರ್ವಿಸ್ ಬಸ್ಸು ಹೋದಲ್ಲಿವರೆಗೆ ಬಸ್ಸು, ಆಮೇಲೆ ನಡಿಗೆ. ಮೂಸಕುಂಞಿ ಆಯಾ ಊರಿನ ನೆಂಟರಿಗೆ ಮೊದಲೇ ಹೇಳಿ ಕಳಿಸುತ್ತಿದ್ದ. ಎಲ್ಲ ಮನೆಯಲ್ಲೂ ಅದೇ ಪ್ರಶ್ನೆ, ಅದೇ ಕ್ರಮ. ತಮಗೆ ಬೇಕಾದ ಉತ್ತರ ಯಾವುದೆಂದು ಯಾರಿಗೂ ಹೇಳುತ್ತಿರಲಿಲ್ಲ. ಐದು ಕಿವಿಗಳಲ್ಲಿ ಸುತ್ತು ತಿರುಗುಮುರುಗಾಗಿತ್ತು. ಐದನ್ನೂ ಹಾಗೆಯೇ ಬರೆದುಕೊಂಡರು. ಕಡಬದಲ್ಲಿ ಒಬ್ಬ ಹೆಂಗಸಿನ ಬಲಗಿವಿಯನ್ನು ಚಿಕ್ಕಂದಿನಲ್ಲೇ ದನದ ಕೊಂಬು ಹರಿದುಬಿಟ್ಟಿತ್ತು. ಎಡಗಿವಿಯಲ್ಲಿ ಮಾತ್ರ ಉಂಗುರ. ಆ ಬಲಗಿವಿ ಲೆಕ್ಕಕ್ಕಿಲ್ಲ ಎಂದು ಗುರುತು ಹಾಕಿದರು.

ಮನೆಯಲ್ಲಿ ತಾಯಿ ಕೌಸಲ್ಯಾ ಪ್ರತಿ ಭಾನುವಾರ ಸಂಜೆ ಬಾವಿಕಟ್ಟೆಯಲ್ಲೇ ಮಗಳನ್ನು ತಡೆದು ನಿಲ್ಲಿಸುತ್ತಿದ್ದರು. ಬ್ಯಾರಿಗಳ ಮನೆ ಹೊಕ್ಕು ಬಂದವಳು ಸ್ನಾನವಾಗದೆ ಹೊಸಿಲು ದಾಟುವ ಹಾಗಿಲ್ಲ.

"ಊರವರ ಕಿವಿ ಹಿಡ್ಕೊಂಡು ತಿರುಗುದು ಎಂತಕ್ಕೆ ಮಾರಾಯ್ತಿ? ಸತ್ತು ಸಾವಿರ ವರ್ಷ ಆದವಳ ಒಡವೆಯ ಚಿಂತೆ ನಿನಗೆ. ನಿನ್ನ ಕುತ್ತಿಗೆ ಬೋಳು ಉಂಟು, ಅದರ ಚಿಂತೆ ನನಗೆ."

ಮನೋರಮಾ ಕೊಡಪಾನವನ್ನು ದಡಕ್ಕನೆ ಬಾವಿಗೆ ಬಿಡುತ್ತಿದ್ದರು. ಎಲ್ಲವನ್ನೂ ಎಣಿಸಿದ ಅವರು ಆ ಸ್ನಾನಗಳನ್ನು ಮಾತ್ರ ಎಣಿಸಲಿಲ್ಲ.

1963ರ ಜನವರಿಯಲ್ಲಿ ಚಿನ್ನದ ಕಾನೂನು ಬಂತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಒಡವೆ ಹೊಸದಾಗಿ ಮಾಡುವಂತಿಲ್ಲ. ಪುತ್ತೂರಿನ ಗುರುವಪ್ಪ ಆಚಾರಿ ಅಲಿಕತ್ತು ಮಾಡುವುದರಲ್ಲಿ ಹೆಸರಾದವರು. ಅವರು ಕುಲುಮೆಯ ಮುಂದೆ ಸುಮ್ಮನೆ ಕೂತಿದ್ದರು. ತಾಮ್ರ ಹೆಚ್ಚಾದರೆ ಉಂಗುರ ಬಗ್ಗುವುದಿಲ್ಲ, ಬಗ್ಗಿಸಿದರೆ ಮುರಿಯುತ್ತದೆ, ಕಿವಿಗೆ ಹಾಕಿದರೆ ತೂತು ಕೀವಾಗುತ್ತದೆ ಎಂದು ಅವರು ಟೀಚರಿಗೆ ವಿವರಿಸಿದರು. ಹೊಸ ಹುಡುಗಿಯರ ಕಿವಿ ಚುಚ್ಚುವುದು ಆಗಲೇ ಕಡಿಮೆಯಾಗಿತ್ತು. ಇನ್ನು ಎಣಿಸಲು ಕಿವಿಗಳೇ ಉಳಿಯುವುದಿಲ್ಲ ಎಂದು ಮನೋರಮಾರಿಗೆ ಗೊತ್ತಾಯಿತು. ಕಾನೂನಿನ ಮೇಲಿನ ಸಿಟ್ಟಿಗೆ ಒಂದು ಭಾನುವಾರ ಎರಡು ಊರು ಸುತ್ತಿದರು.

ಆ ಮಳೆಗಾಲ ಐಸಮ್ಮ ಹಾಸಿಗೆ ಹಿಡಿದರು. ಮನೋರಮಾ ನೋಡಲು ಹೋದಾಗ ಅವರು ಕೇಳಿದ್ದು ಒಂದೇ.

"ಬರಿಯುವಾಗ ನನ್ನ ಹೆಸರು ಹಾಕ್ತೀರಾ?"

"ಹಾಕ್ತೇನೆ ಉಮ್ಮ."

"ಸರಿಯಾಗಿ ಹಾಕಿ. ಬರೇ ಐಸಮ್ಮ ಅಂದ್ರೆ ಕುಂಬ್ರದಲ್ಲೇ ಆರು ಜನ ಉಂಟು. ಮೂಸಕುಂಞಿಯ ತಾಯಿ ಅಂತ ಹಾಕಿ."

ಒಂಬತ್ತು ದಿನದ ಮೇಲೆ ಅವರು ತೀರಿಕೊಂಡರು. ದಫನಕ್ಕೆ ಮುಂಚೆ ಉಂಗುರಗಳನ್ನು ಬಿಚ್ಚಿದರು. ಮೂಸಕುಂಞಿ ಅವನ್ನು ಎರಡು ಪೊಟ್ಟಣ ಮಾಡಿ, ಒಂದರ ಮೇಲೆ ಎಡ, ಒಂದರ ಮೇಲೆ ಬಲ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟ.

1964ರ ಮೇ ಹದಿನೇಳರಂದು ಇತಿಹಾಸ ಸಂಘದ ಸಭೆ ಮಂಗಳೂರಿನಲ್ಲಿ ನಡೆಯಿತು. ಹೊಸದಾಗಿ ಬರೆದ ಮೂವತ್ತೆರಡು ಪುಟಗಳ ಲೇಖನವನ್ನು ಮನೋರಮಾ ಒಂದು ತಿಂಗಳ ಮೊದಲೇ ಕಳಿಸಿದ್ದರು. ನೂರ ಏಳು ಹೆಂಗಸರ ಹೆಸರು, ಊರು, ಅಳತೆ. ಮೊದಲ ಹೆಸರು: ಐಸಮ್ಮ, ಮೂಸಕುಂಞಿಯವರ ತಾಯಿ, ಕುಂಬ್ರ. ಊಟಕ್ಕೆ ಮೊದಲು ಪ್ರೊಫೆಸರರು ಅವರನ್ನು ವರಾಂಡಕ್ಕೆ ಕರೆದರು. ವಾದ ಪರವಾಗಿಲ್ಲ, ಈ ವರ್ಷದ ಸಂಪುಟದಲ್ಲಿ ಅಚ್ಚು ಹಾಕಿಸಬಹುದು ಎಂದರು. ಒಂದು ತಿದ್ದುಪಡಿ ಬೇಕಷ್ಟೆ. ಕೊನೆಯ ಪಟ್ಟಿ ತೆಗೆಯಬೇಕು, ಮೊದಲ ಪುಟದಲ್ಲಿರುವ ಐಸಮ್ಮನ ಹೆಸರೂ ಬೇಡ. ಸ್ಥಳೀಯ ಮಾಹಿತಿ ಎಂದು ಒಂದು ಮಾತು ಹಾಕಿದರೆ ಸಾಕು. ಇಂಥ ಹೆಸರುಗಳಿಂದ ಲೇಖನದ ಗಾಂಭೀರ್ಯ ಕೆಡುತ್ತದೆ.

ಪುಸ್ತಕದ ಅದೇ ವಾಕ್ಯ ಇನ್ನೊಂದು ಬಾಯಿಂದ ಬಂದ ಹಾಗಾಯಿತು ಮನೋರಮಾರಿಗೆ. ಉಂಗುರ ಮಾಡಿದವನು ಅಜಾಗರೂಕ, ತೊಟ್ಟವಳು ಸ್ಥಳೀಯ ಮಾಹಿತಿ. ನೋಟುಬುಕ್ಕನ್ನು ಎದೆಗೆ ಒತ್ತಿಕೊಂಡರು.

"ಹೆಸರು ತೆಗೆಯುದಿಲ್ಲ ಸರ್. ತೆಗೆದರೆ ಅದು ನಾನು ಕಂಡುಹಿಡಿದದ್ದು ಅಂತ ಆಗ್ತದೆ. ಸುಳ್ಳಾಗ್ತದೆ."

ಹಾಗಾದರೆ ಅಚ್ಚಾಗುವುದಿಲ್ಲ ಎಂದರು ಅವರು. ಆಗಲಿಲ್ಲ. ಆ ವರ್ಷವೂ ಇಲ್ಲ, ಮುಂದೆಯೂ ಇಲ್ಲ. ಮೂವತ್ತೆರಡು ಪುಟಗಳು ಮನೋರಮಾರ ಕಬ್ಬಿಣದ ಪೆಟ್ಟಿಗೆಯಲ್ಲಿ, ಆ ಪುಸ್ತಕದ ನಲವತ್ತೊಂದನೆಯ ಚಿತ್ರದ ಪುಟದೊಳಗೆ ಉಳಿದವು.

ಆದರೆ ಸಭೆಯಲ್ಲಿ ಮಾತಾಡಲು ಕೊಟ್ಟಿದ್ದ ಐದು ನಿಮಿಷವನ್ನು ಕಿತ್ತುಕೊಳ್ಳುವ ಹಾಗಿರಲಿಲ್ಲ. ಊಟದ ನಂತರ ಅವರು ಎದ್ದು ನಿಂತರು. ಕೊನೆಯ ಸಾಲಿನಲ್ಲಿ, ಅಂಗಡಿ ಮುಚ್ಚಿ ಬಂದಿದ್ದ ಮೂಸಕುಂಞಿ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದ. ಮನೋರಮಾ ಅವನ ತಾಯಿಯ ಹೆಸರನ್ನು ಊರು ಸಮೇತ ಹೇಳಿಯೇ ಮಾತು ಶುರುಮಾಡಿದರು. ಎರಡು ನಿಮಿಷವಾಗುವಷ್ಟರಲ್ಲಿ ಪ್ರೊಫೆಸರರು ಕುಳಿತಲ್ಲಿಂದಲೇ ಕೈ ಎತ್ತಿದರು. ಸಾವಿರಾರು ಮೈಲಿ ದೂರದ ಸಮಾಧಿಯನ್ನು ತಿದ್ದಲು ಹೊರಟಿದ್ದೀರಿ, ಸಂತೋಷ ಎಂದು ನಕ್ಕರು.

"ಅಲ್ಲ ಟೀಚರ್, ಅಷ್ಟಕ್ಕೂ ನೀವು ನೋಡಿದ ಕಿವಿಗಳೆಷ್ಟು? ಎರಡೇ, ನಾಲ್ಕೇ?"

ಮುಂದಿನ ಸಾಲಿನವರು ನಕ್ಕರು. ಮನೋರಮಾ ನೋಟುಬುಕ್ಕು ತೆರೆಯಲಿಲ್ಲ. ಕಡಬದ ಆ ಹೆಂಗಸಿನ ಹರಿದ ಬಲಗಿವಿ ಒಮ್ಮೆ ಅವರ ಕಣ್ಣ ಮುಂದೆ ಬಂತು. ಅದನ್ನು ಸೇರಿಸಿಕೊಳ್ಳದೆ, ಬಾಗಿಲ ಪಕ್ಕದ ಬೆಂಚಿಗೂ ಕೇಳುವ ಹಾಗೆ ಹೇಳಿದರು:

"ಇನ್ನೂರ ಹದಿಮೂರು."