ಮನೆಗೆ ಕೊಡದ ದಾರಿ

ಮುಂಬಯಿಯ ಕನ್ನಡ ಪತ್ರಿಕೆಯೊಂದರ ಸುದ್ದಿಮೇಜು ಬಿಟ್ಟು ನಾನು ಶಿರಸಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಹೆಂಡತಿಗೆ ಅಲ್ಲಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅಮ್ಮ ಚಾಳಿನ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ವಾಕರ್ ಹಿಡಿದರೆ ಸಪಾಟು ನೆಲದಲ್ಲಿ ಸ್ವಲ್ಪ ದೂರ ನಡೆಯುತ್ತಿದ್ದಳು. ಮೆಟ್ಟಿಲಿಲ್ಲದ ಮನೆ, ಬಾಗಿಲವರೆಗೆ ಆಟೋ. ನಮಗೆ ಬೇಕಾದದ್ದು ಇಷ್ಟೇ.

ಶಿರಸಿ ಹತ್ತಿರದ ಇಸಳೂರಿನಲ್ಲಿ ಅಂಥದೊಂದು ಮನೆ ಸಿಕ್ಕಿತು. ರಾಜ್ಯ ಬದಲಿಸಿ ಮನೆ ಕೊಳ್ಳುವವನು ಏನು ಕೇಳಬೇಕೋ ಎಲ್ಲವನ್ನೂ ಕೇಳಿದೆ ಎಂದೇ ಇಂದಿಗೂ ನಂಬಿದ್ದೇನೆ. ಜಾಗ ಕೃಷಿಯೇತರ ಎಂದು ಎನ್.ಎ. ಆಗಿದೆಯೇ, ಪಂಚಾಯ್ತಿ ತೆರಿಗೆ ಯಾರ ಹೆಸರಿನಲ್ಲಿದೆ, ಅಕ್ಕಪಕ್ಕದಲ್ಲಿ ಅರಣ್ಯ ಅತಿಕ್ರಮಣದ ತಕರಾರು ಇದೆಯೇ. ಕಡು ಬೇಸಿಗೆಯಲ್ಲಿ ಬಂದು ಬಾವಿಗೆ ಇಣುಕಿದೆ. ವಕೀಲರು ಕಾಗದ ಸರಿಯಿದೆ ಎಂದರು. ಸರಿಯಾಗಿಯೇ ಇತ್ತು. ಮಾರುವವರು ತಮ್ಮ ಜೀಪಿನಲ್ಲೇ ನಮ್ಮನ್ನು ಮನೆಯ ಮುಂದೆ ಇಳಿಸಿದ್ದರು. ದಾರಿಗೆ ಅಡ್ಡಲಾಗಿ ದಣಪೆಯೊಂದಿತ್ತು, ಅದರ ಬಿದಿರು ಗಳಗಳನ್ನು ಸರಿಸಿ ಪಕ್ಕಕ್ಕಿಟ್ಟಿದ್ದರು. ಆ ಮಣ್ಣುದಾರಿ ಯಾರದೆಂದು ಕೇಳಲು ನನಗೆ ಹೊಳೆಯಲಿಲ್ಲ. ಮುಂಬಯಿಯ ಚಾಳಿನಲ್ಲಿ ಖೋಲಿ ಕೊಂಡವನು ಎಲ್ಲರೂ ಓಡಾಡುವ ಪಡಸಾಲೆ ಯಾರದೆಂದು ಕೇಳುವುದಿಲ್ಲ.

ಸಾಮಾನಿನ ಲಾರಿ ಬಂದ ದಿನ ದಣಪೆ ಹಾಕಿತ್ತು. ಒಳಗಿನಿಂದ ಪಕ್ಕದ ಮನೆಯ ಯಜಮಾನರು ಬಂದರು. ಅಡಿಕೆ ಬೆಳೆಗಾರರು, ಬಹಳ ಮರ್ಯಾದೆಯ ಮನುಷ್ಯ. ಮೊದಲು ಕವಳದ ತಟ್ಟೆ ಮುಂದೆ ಹಿಡಿದು ಎಲೆ ಅಡಿಕೆ ಹಾಕಿಕೊಳ್ಳಿ ಎಂದರು. ಆಮೇಲೆ ಸಮಾಧಾನವಾಗಿ ಹೇಳಿದರು:

"ಈ ದಾರಿ ನಮ್ಮ ಜಾಗದ್ದು, ಮನೆ ಮಾರಿದವ್ರಿಗೆ ಕೊಟ್ಟದ್ದಾಗಿತ್ತು ಮಾರಾಯ್ರೆ. ಮನೆಗೆ ಕೊಟ್ಟದ್ದಲ್ಲ."

ಹಿಂದುಗಡೆ ಕಾಲುವೆಯ ಪಕ್ಕದಲ್ಲಿ ಕಲ್ಲು ಮೆಟ್ಟಿಲಿನ ಕಾಲುದಾರಿಯೊಂದಿತ್ತು. ಹಮಾಲರು ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅಲ್ಲಿಂದ ಹೊತ್ತು ತಂದರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಮಾರಿದವರಿಗೆ ಫೋನ್ ಮಾಡಿದೆ. "ಅದೆಂತ ಹೇಳೂದು? ಎಲ್ರಿಗೂ ಗೊತ್ತಿದ್ದದ್ದೇ" ಎಂದರು. ನಿಜ. ದಲ್ಲಾಳಿಗೆ ಗೊತ್ತಿತ್ತು, ಅಂಗಡಿಯವನಿಗೆ ಗೊತ್ತಿತ್ತು, ಬಾವಿಯ ಆಳ ತೋರಿಸಿದವನಿಗೂ ಗೊತ್ತಿತ್ತು. ಒಬ್ಬರೂ ಸುಳ್ಳು ಹೇಳಿರಲಿಲ್ಲ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿ, ಕೇಳದ ಒಂದನ್ನು ಇಡೀ ಊರು ಸಭ್ಯವಾಗಿ ನುಂಗಿಕೊಂಡಿತ್ತು. ಸುಳ್ಳು ಹೇಳಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಆಗುತ್ತದೆ ಎಂದರು ವಕೀಲರು. ಇಲ್ಲಿಯ ಪದ್ಧತಿ ಬೇರೆಯೇ ಇದೆ, ಕೊಳ್ಳುವ ಮೊದಲೇ ಪಕ್ಕದ ಮನೆಯ ಜಗಲಿಯಲ್ಲಿ ಕೂತು, ಕವಳ ಹಾಕಿ, ದಾರಿ ಕೇಳಿಕೊಳ್ಳಬೇಕಿತ್ತು ಎಂದೂ ಅವರೇ ತಿಳಿಸಿದರು. ಅದನ್ನು ಮೊದಲೇ ಏಕೆ ಹೇಳಲಿಲ್ಲ ಎಂದರೆ, ನೀವು ಕಾಗದದ ಬಗ್ಗೆ ಕೇಳಿದ್ದಿರಿ ಎಂದರು.

ಬೇಡುವುದಿಲ್ಲ ಎಂದೆ ನಾನು. ಹೆಂಡತಿ ನನ್ನ ಮಾತು ಕೇಳದೆ ಒಂದು ಭಾನುವಾರ ಯಜಮಾನರ ಮನೆಗೆ ಹೋದಳು. ಆ ಮನೆಯಾಕೆ ಮಜ್ಜಿಗೆ ಕೊಟ್ಟು, "ಎಂತಕ್ಕೆ ತಂಗಿ ಇಷ್ಟು ತಡ?" ಎಂದರಂತೆ. ಮರುದಿನ ದಣಪೆ ತೆಗೆದಿತ್ತು, ಆಟೋ ಬಾಗಿಲಿಗೆ ಬಂತು. ಯಜಮಾನರು ಬೇಲಿಯಾಚೆಯಿಂದ ನಕ್ಕರು.

"ತಂಗಿಗೆ ಕೊಟ್ಟದ್ದು. ಪೇಪರ್‌ನವ್ರಿಗಲ್ಲ."

ನನಗೆ ನಗು ಬರಲಿಲ್ಲ. ಅಮ್ಮ ಆಸ್ಪತ್ರೆಗೆ ಹೋಗುವುದು ಒಬ್ಬರ ಮನಸ್ಸಿನ ಹದದ ಮೇಲೆ ನಿಂತಿತ್ತು. ಬರೆದುಕೊಡಿ ಎಂದು ಕೇಳಿದೆ. ಅವರಿಗೆ ನೋವಾಯಿತು; ನಮ್ಮ ಬಾಯಿಮಾತು ಸಾಲದೇ ಎಂದರು. ಸಾಲದು ಎಂದೆ. ಆಮೇಲೆ ಎರಡು ಮನೆಗಳ ನಡುವೆ ಹೆಂಗಸರ ಮಾತು ಮಾತ್ರ ಉಳಿಯಿತು.

ಕೆಲವು ವರ್ಷಗಳ ನಂತರ ನಮ್ಮ ಆಚೆಗಿನ ಮನೆ ಮಾರಾಟಕ್ಕೆ ಬಂತು. ಯಜಮಾನರ ಸ್ವಂತ ತಮ್ಮನದು, ಅದಕ್ಕೂ ದಾರಿ ಇದೇ. ನೋಡಲು ಬಂದವರು ಕೇರಳದ ಗಂಡ ಹೆಂಡತಿ. ಬಾವಿ, ತೆರಿಗೆ, ಎನ್.ಎ. ಎಲ್ಲ ಕೇಳುತ್ತಿದ್ದರು. ಎಲ್ಲರೂ ನಿಜವನ್ನೇ ಹೇಳುತ್ತಿದ್ದರು. ನಾನು ದಣಪೆಯ ಹತ್ತಿರ ನಿಂತು, ದಲ್ಲಾಳಿಯ ಎದುರಿಗೇ, ದಾರಿ ನೋಂದಣಿಯಾಗದೆ ಮುಂಗಡ ಕೊಡಬೇಡಿ ಎಂದೆ. ವ್ಯಾಪಾರ ಅಲ್ಲಿಗೇ ನಿಂತಿತು. ಊರಿನ ಮಾತು ಕೆಡಿಸಿದವನು ಎಂಬ ಹೆಸರು ನನಗೆ ಬಂತು. ಕೆಡಿಸಬೇಕಾದ ಮಾತೇ ಅದು.

ಆ ವಾರ ಯಜಮಾನರು ಮೊದಲ ಸಲ ನಮ್ಮ ಜಗಲಿಗೆ ಬಂದು ಕೂತರು. ನಾನು ಕವಳದ ತಟ್ಟೆ ಮುಂದಿಟ್ಟೆ.

"ದಾರಿಗೆ ತೊಂದ್ರೆ ಇಲ್ಲ ಅಂತ ಕೇರಳದವ್ರಿಗೆ ನೀವೊಂದು ಮಾತು ಹೇಳಿದ್ರೆ ಆಗ್ತಿತ್ತು."

"ಬರೆದುಕೊಡಿ. ಎರಡೂ ಮನೆಗೆ."

ಅವರು ಅಡಿಕೆ ಹೋಳು ಬಾಯಿಗೆ ಹಾಕಿ ಬಹಳ ಹೊತ್ತು ಅಗಿದರು. ಕೊನೆಗೆ ಹೂಂ ಎಂದರು.

ನೋಂದಣಿ ಮುಗಿಸಿ ಬಂದಾಗ ಅಮ್ಮ ವಾಕರ್ ಹಿಡಿದು ದಣಪೆಯವರೆಗೆ ಬಂದು ನಿಂತಿದ್ದಳು. ಈಗ ಇದು ಯಾರ ದಾರಿ ಎಂದು ಕೇಳಿದಳು. ಮನೆಯದು ಎಂದೆ.

"ಇಷ್ಟಕ್ಕೇ ಇಷ್ಟು ವರ್ಷ ಸಿಟ್ಟು ಮಾಡಿದ್ಯಾ?"

ಇಷ್ಟಕ್ಕೇ ಎಂದೆ.