ಅಪ್ಪನ ಕನ್ನಡಕ ಅಡಗಿಸಿದ್ದು

ನಲವತ್ತೊಂದು ವರ್ಷ ಕನ್ನಡಕದ ಅಂಗಡಿ ನಡೆಸಿದ ಮುದುಕನಿಗೆ ಏನೂ ಓದಲಾಗದಿರಲಿ ಎಂದು ಅವನ ಕನ್ನಡಕವನ್ನೇ ಅಡಗಿಸಿಡುವ ಯೋಚನೆ ಯಾರಿಗೆ ಹೊಳೆದೀತು? ಹಿರಿಮಗನಿಗೆ ಹೊಳೆಯಿತು. ಮಹಾ ಬುದ್ಧಿವಂತ! ಕಚೇರಿಯಲ್ಲಿ ಹದಿನಾರು ಜನರಿಗೆ ಮೇಲ್ವಿಚಾರಕ. ಮನೆಯಲ್ಲಿ ಯಾರೂ ನೇಮಿಸದಿದ್ದರೂ ಎಲ್ಲರಿಗೂ ಮೇಲ್ವಿಚಾರಕ.

ಅಪ್ಪನ ಹೊಟ್ಟೆಯೊಳಗಿನ ಗಂಟು ಕ್ಯಾನ್ಸರ್ ಎಂದು ವರದಿ ಬಂದ ದಿನ ಅವನು ತಂಗಿಯನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ. “ಅಪ್ಪಂಗೆ ಗೊತ್ತಾದ್ರೆ ಎದೆ ಒಡ್ಕೊಂಡ್ಬಿಡ್ತಾರೆ. ಆಪರೇಷನ್ ಅಂತ ನಾನು ತೀರ್ಮಾನ ಮಾಡಿದೀನಿ. ನೀನು ವರದಿ ಎಲ್ಲಾದ್ರೂ ಬಚ್ಚಿಡು. ಕನ್ನಡಕಾನೂ ಎತ್ತಿಡು, ರಿಪೇರಿಗೆ ಹೋಗಿದೆ ಅನ್ನು.”

ಈಗ ಅಂಗಡಿ ನೋಡಿಕೊಳ್ಳುತ್ತಿದ್ದವಳು ತಂಗಿಯೇ. ಅವಳಾದರೂ ಛೀ ಅನ್ನಬೇಕಿತ್ತು. ಅನ್ನಲಿಲ್ಲ. ಅಮ್ಮ ಹೋದ ಮೇಲೆ ಅವಳಿಗೆ ಇದ್ದದ್ದು ಅಪ್ಪ ಒಬ್ಬನೇ; ಕೊಯ್ದಾದರೂ ಸರಿ, ಹೊಲಿದಾದರೂ ಸರಿ, ಅವನು ಉಳಿದರೆ ಸಾಕಿತ್ತು. ಕನ್ನಡಕ ಅವಳ ಕೈಚೀಲ ಸೇರಿತು, ವರದಿ ಅಂಗಡಿಯ ಮೇಜಿನ ಕೆಳಗಿನ ಖಾನೆ ಸೇರಿತು.

ಆ ಅಂಗಡಿಗೊಂದು ಕಾನೂನಿತ್ತು. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಒಂದು ಗಾಜು ಹಾಕಿ ತೆಗೆದು, ಇನ್ನೊಂದು ಹಾಕಿ ಅಪ್ಪ ಕೇಳುತ್ತಿದ್ದ: “ಮೊದಲನೇದಾ, ಎರಡನೇದಾ?” ಆಮೇಲೆ ತುಟಿ ಹೊಲಿದುಕೊಂಡವನಂತೆ ನಿಲ್ಲುತ್ತಿದ್ದ. “ನೀವೇ ಹೇಳಿಬಿಡಿ ಸ್ವಾಮಿ” ಎಂದು ಗಿರಾಕಿ ಗೋಗರೆದರೂ ಹೇಳುತ್ತಿರಲಿಲ್ಲ. “ಕಣ್ಣು ನಿಮ್ಮದು, ನಂಗೇನು ಗೊತ್ತು?” ಉತ್ತರ ಬಂದ ಮೇಲೆ ಒಂದೇ ಪ್ರಶ್ನೆ: “ಖಂಡಿತಾನಾ?” ಮಗುವಿನ ಬೆನ್ನ ಹಿಂದೆ ನಿಂತು ಅಕ್ಷರ ಉಸುರುವ ತಾಯಂದಿರನ್ನಂತೂ ಮುಲಾಜಿಲ್ಲದೆ ಎಬ್ಬಿಸುತ್ತಿದ್ದ. “ಹಿಂದಿನಿಂದ ಹೇಳ್ಕೊಡೋರು ಹೊರಗೆ!”

“ಏನಾಗಿದೆಯಮ್ಮ ನನ್ನ ಕನ್ನಡಕಕ್ಕೆ?” ಎಂದು ಅಪ್ಪ ಮೊದಲ ದಿನ ಕೇಳಿದ.

“ಸ್ಕ್ರೂ ಸಡಿಲ ಆಗಿದೆಯಪ್ಪ.”

ನಾಲ್ಕನೆಯ ದಿನ ಮತ್ತೆ ಕೇಳಿದ. “ಒಂದು ಸ್ಕ್ರೂಗೆ ನಾಲ್ಕು ದಿನವಾ? ಅಂಗಡಿಗೆ ಬೀಗ ಹಾಕು ಹಾಗಾದ್ರೆ.” ಅವಳು ಒಲೆ ಮೇಲೆ ಹಾಲಿದೆ ಎನ್ನುತ್ತಾ ಒಳಗೆ ಹೋದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣಿಸುವುದಿಲ್ಲವೇ?

ಐದನೆಯ ದಿನ ಅವಳು ಊಟ ಮುಗಿಸಿ ಅಂಗಡಿಗೆ ಮರಳಿದಾಗ ಅಪ್ಪ ಹಿಂದಿನ ಕೋಣೆಯಲ್ಲಿ ಕೂತಿದ್ದ. ಮೂಗಿನ ಮೇಲೆ ಪರೀಕ್ಷೆಯ ದುಂಡು ಕಬ್ಬಿಣದ ಚೌಕಟ್ಟು, ಕೈಯಲ್ಲಿ ವರದಿ. ಪಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು ಗಾಜುಗಳ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಅಣ್ಣ ತಂಗಿ ಇಬ್ಬರೂ ಚಿಕ್ಕಂದಿನಿಂದ ನೋಡಿದ ಪೆಟ್ಟಿಗೆ ಅದು, ಒಬ್ಬರಿಗೂ ನೆನಪಾಗಿರಲಿಲ್ಲ!

“ಸಡಿಲ ಆಗಿರೋದು ಕನ್ನಡಕದ ಸ್ಕ್ರೂ ಅಲ್ಲ ಕಣೇ” ಎಂದ ಅಪ್ಪ. “ನಿಮ್ಮಿಬ್ಬರದು.”

ಅವಳು ಅಳುತ್ತಾ ಕೈಚೀಲದಿಂದ ಕನ್ನಡಕ ತೆಗೆದು ನೀಡಿದಳು. ಅವನು ಮುಟ್ಟಲಿಲ್ಲ. “ಇರಲಿ, ರಿಪೇರಿಯಲ್ಲಿದೆಯಲ್ಲ.”

ಆಸ್ಪತ್ರೆಗೂ ಪರೀಕ್ಷೆಯ ಚೌಕಟ್ಟು ಹಾಕಿಕೊಂಡೇ ಹೊರಟ. ಸಾಲಿನಲ್ಲಿ ಕೂತವರೆಲ್ಲ ತಿರುತಿರುಗಿ ನೋಡಿದರು. ಮೇಲ್ವಿಚಾರಕನ ಮಾನ ಮೂರು ಕಾಸಾಯಿತು. ಓದುವ ಗಾಜಾದ್ದರಿಂದ ಅಪ್ಪನಿಗೆ ದೂರದ್ದೆಲ್ಲ ಮಂಜು ಮಂಜು, ಮಗಳ ಕೈ ಹಿಡಿದೇ ನಡೆದ.

“ಊಟ ಸೇರುತ್ತಾ?” ಎಂದರು ವೈದ್ಯೆ.

“ಎಲ್ಲಿ ಸೇರುತ್ತೆ ಡಾಕ್ಟ್ರೇ, ಎರಡು ತುತ್ತು ಅಷ್ಟೆ” ಎಂದ ಅಣ್ಣ.

“ನೋವಿದೆಯಾ?”

“ತುಂಬಾ ಇದೆ. ನಾವು ಆಪರೇಷನ್ ಅಂತಾನೇ…”

“ಹಿಂದಿನಿಂದ ಹೇಳ್ಕೊಡೋರು ಹೊರಗೆ” ಎಂದ ಅಪ್ಪ, ತಿರುಗದೆ.

ಐವತ್ತೆರಡು ವರ್ಷದ ಮಗ ಮೂರನೇ ಕ್ಲಾಸಿನ ಹುಡುಗನ ಹಾಗೆ ಎದ್ದು ಹೊರಗೆ ಹೋದ.

“ಈಗ ತೋರಿಸಿ. ಮೊದಲನೇದು?” ಎಂದ ಅಪ್ಪ ವೈದ್ಯೆಗೆ.

ವೈದ್ಯೆ ಅಪ್ಪನ ಕಡೆಗೆ ಕುರ್ಚಿ ತಿರುಗಿಸಿಕೊಂಡರು. ಮೊದಲನೆಯದು ದೊಡ್ಡ ಆಪರೇಷನ್, ಆಸ್ಪತ್ರೆಯಲ್ಲಿ ವಾರಗಟ್ಟಲೆ, ಆಮೇಲೆ ಔಷಧಿಯ ಸುಸ್ತು. ಎರಡು ವರ್ಷ ಸಿಗಬಹುದು, ಎಪ್ಪತ್ತೊಂಬತ್ತರ ವಯಸ್ಸಿಗೆ ಆಪರೇಷನ್ ಮೇಜಿನಿಂದ ಏಳದೆಯೂ ಹೋಗಬಹುದು. ಎರಡನೆಯದರಲ್ಲಿ ಕೊಯ್ಯುವುದಿಲ್ಲ, ರೋಗ ವಾಸಿಯಾಗುವುದೂ ಇಲ್ಲ. ನೋವು, ವಾಂತಿ ಹಿಡಿತದಲ್ಲಿಟ್ಟು ಮನೆಯಲ್ಲೇ ನೋಡಿಕೊಳ್ಳುವುದು. ಬಹುಶಃ ಆರೆಂಟು ತಿಂಗಳು.

“ಇನ್ನೊಂದ್ಸಲ ತೋರಿಸಿ” ಎಂದ ಅಪ್ಪ. ಅವರು ಬೇಸರಿಸದೆ ಇನ್ನೊಂದು ಸಲ ಹೇಳಿದರು.

ಮೊದಲನೇದು ಅನ್ನಪ್ಪ, ನಿನ್ನ ದಮ್ಮಯ್ಯ, ಮೊದಲನೇದು ಅನ್ನು! ಮಗಳ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನಿಗೆ ಅವಳ ಉಸಿರು ಕೇಳಿಸಿರಬೇಕು.

“ನೀನು ಹೊರಗೆ ಹೋಗ್ತೀಯೋ, ಸುಮ್ನಿರ್ತೀಯೋ?”

“ಸುಮ್ನಿರ್ತೀನಿ.”

ಅವನು ಮೇಜಿನ ಅಂಚನ್ನು ಒಮ್ಮೆ ಸವರಿದ. “ಎರಡನೇದು” ಎಂದ.

ಅಂಗಡಿಯ ಕೆಲಸ ಇನ್ನೂ ಒಂದು ಬಾಕಿ ಇತ್ತು, ಅದು ಅವಳದೇ. ಅಪ್ಪನ ಕೈ ಹಿಡಿದು ಕೇಳಿದಳು, “ಖಂಡಿತಾನಾ?”

“ಖಂಡಿತ.” ಅವನು ಅವಳ ಕೈ ಹಿಸುಕಿದ. ವೈದ್ಯೆ ಬರೆದುಕೊಂಡರು.

ಹೊರಗೆ ಅಣ್ಣ ಗೋಡೆಗೆ ಒರಗಿ ನಿಂತಿದ್ದ. “ಆಪರೇಷನ್ ಯಾವತ್ತಂತೆ?” ಎಂದು ಕೇಳಿದ.

“ಕನ್ನಡಕ ಕೊಡಮ್ಮ, ರಿಪೇರಿ ಆಯ್ತಲ್ಲ” ಎಂದು ಅಪ್ಪ ಮಗಳತ್ತ ಕೈ ಚಾಚಿದ. ಕಬ್ಬಿಣದ ಚೌಕಟ್ಟು ತೆಗೆದು, ತನ್ನ ಕನ್ನಡಕವನ್ನು ಅಂಗಿಯ ತುದಿಗೆ ಒರೆಸಿ ಹಾಕಿಕೊಂಡು ಮಗನ ಮುಖ ನೋಡಿದ.

“ಅಳ್ತಾ ಇದ್ದೆಯೇನೋ?”

“ಇಲ್ಲಪ್ಪ.”

“ಸುಳ್ಳು ಹೇಳ್ಬೇಡ. ಈಗ ನಂಗೆ ಕಾಣುತ್ತೆ.”