ಮುದ್ದೆ ಗಾಡಿ

ಚಿತ್ರದುರ್ಗದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಪಹಣಿ ಪ್ರಿಂಟು, ಆಧಾರ್ ತಿದ್ದುಪಡಿ, ಪಾಸ್‌ಪೋರ್ಟ್ ಸೈಜ್ ಫೋಟೋ ಮಾಡಿಕೊಡುವ ಒಂದು ಕಂಪ್ಯೂಟರ್ ಅಂಗಡಿಯಿದೆ. ಅಲ್ಲಿ ಸಂಬಳಕ್ಕಿರುವವನು ನಾನು. ಬಿ.ಕಾಂ. ಮುಗಿಸಿದ ಮೇಲೆ ಸಿಕ್ಕ ಸಿಕ್ಕ ರೈಲ್ವೆ ಪರೀಕ್ಷೆಗಳನ್ನೆಲ್ಲ ಬರೆದೆ. ರೈಲ್ವೆಯವರು ನನ್ನನ್ನು ತೆಗೆದುಕೊಳ್ಳಲಿಲ್ಲ, ಅದಕ್ಕೆ ನಾನೇ ಒಂದು ರೈಲ್ವೆ ಇಟ್ಟುಕೊಂಡೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ, ಟ್ರೈನ್ ಸಿಮ್ಯುಲೇಟರ್. ಯಾವುದೋ ದೇಶದ ಯಾವನೋ ಪುಣ್ಯಾತ್ಮ, ಅವರ ಮರುಭೂಮಿಯಲ್ಲಿ ಎಂದೋ ಓಡಿ ನಿಂತುಹೋದ ಸಣ್ಣ ಹಳಿಯ ರೈಲನ್ನು ಸ್ಟೇಷನ್ನು, ನೀರಿನ ಟ್ಯಾಂಕು, ಮರಳುಗುಡ್ಡದ ಸಮೇತ ಆಟದೊಳಗೆ ಕಟ್ಟಿ ಪುಕ್ಕಟೆ ಹಂಚಿದ್ದ. ಅದರ ಡ್ರೈವರು ನಾನು, ಗಾರ್ಡೂ ನಾನು. ನೋಡುವವರೆಂದರೆ ದಾರಿಯಲ್ಲಿ ನಿಂತ ಒಂದೆರಡು ಒಂಟೆ. ಅಂಗಡಿಗೆ ದಿನಾ ತಡವಾಗಿ ಬಂದು ಓನರ್ ಕಲ್ಲೇಶಣ್ಣನಿಂದ ಬೈಸಿಕೊಳ್ಳುವ ನಾನು, ಆ ಮರುಭೂಮಿಯಲ್ಲಿ ಮಾತ್ರ ಒಂದು ದಿನವೂ ಲೇಟಾದವನಲ್ಲ.

ಪಕ್ಕದ ಮಳಿಗೆ ಅನುಸೂಯಕ್ಕನದು. ಬ್ಲೌಸ್ ಹೊಲಿಯುವ ಅಂಗಡಿ. ಕೊರಳಿಗೆ ಟೇಪು, ಕಿವಿಯ ಹಿಂದೆ ಒಂದು ಚಾಕಿನ ತುಂಡು. ಐವತ್ತು ದಾಟಿದೆ, ಆದರೆ ಓಣಿಯಲ್ಲಿ ಯಾರು ದಪ್ಪವಾದರು, ಯಾರು ಇಳಿದರು ಎಂಬುದು ದೂರದಿಂದಲೇ ತಿಳಿಯುತ್ತದೆ. ನನ್ನನ್ನು ಮೊದಲ ದಿನ ನೋಡಿದಾಗಲೇ, "ಅಂಗಿ ನಿಂದಾ, ಅಣ್ಣಂದಾ?" ಎಂದು ಕೇಳಿದ್ದಳು. ಅಣ್ಣನದೇ ಆಗಿತ್ತು.

ಅನುಸೂಯಕ್ಕ ಹುಟ್ಟಿದ್ದು ಹಿರಿಯೂರು ಮಗ್ಗುಲಿನ ಬಬ್ಬೂರಿನಲ್ಲಿ. ಅಪ್ಪ ಅಲ್ಲಿನ ಕೃಷಿ ಫಾರಂನಲ್ಲಿ ಕೂಲಿಗೆ ಹೋಗುತ್ತಿದ್ದವರು. ಆ ಸೀಮೆಯಲ್ಲಿ ರೈಲು ಎಂದರೆ ಎಲೆಕ್ಷನ್ನಿಗೊಮ್ಮೆ ಭಾಷಣದಲ್ಲಿ ಬಂದು ಭಾಷಣದಲ್ಲೇ ವಾಪಸು ಹೋಗುವ ವಸ್ತು. ಕಣ್ಣಾರೆ ಕಂಡದ್ದು ಮದುವೆಯಾಗಿ ಹೊಳಲ್ಕೆರೆ ಕಡೆಯ ಹಳ್ಳಿಗೆ ಬಂದ ಮೇಲೆ. ಮನೆಯ ಹಿತ್ತಲು ಮುಗಿಯುವಲ್ಲಿ ರೈಲು ಹಳಿ. ಆಗ ಇನ್ನೂ ಮೀಟರ್ ಗೇಜಿನ ಸಣ್ಣ ಹಳಿ, ಹೊಗೆಯುಗುಳುವ ಇಂಜಿನ್ನು.

ಅತ್ತೆ ಹುಚ್ಚಕ್ಕನ ಮನೆಯಲ್ಲಿ ಗಡಿಯಾರವಿರಲಿಲ್ಲ, ಗಾಡಿಗಳಿದ್ದವು. ಬೆಳಗಿನದು ಕಸದ ಗಾಡಿ, ಅದು ಹೋಗುವಷ್ಟರಲ್ಲಿ ಅಂಗಳ ಗುಡಿಸಿರಬೇಕು. ಸಂಜೆಯದು ದೀಪದ ಗಾಡಿ. ಮಧ್ಯಾಹ್ನದ್ದು ಮುದ್ದೆ ಗಾಡಿ. ಹೊಸ ಸೊಸೆ ಬಂದ ಮರುದಿನವೇ ಒಂದು ಅಪರಾಧ ಮಾಡಿದಳು. ಮುದ್ದೆ ಗಾಡಿ ಹೋಗುವ ಮೊದಲೇ ತಟ್ಟೆ ಹಾಕಿದಳು. ಹುಚ್ಚಕ್ಕ ತಟ್ಟೆಯನ್ನು ಎತ್ತಿ ಒಳಗಿಟ್ಟು ಹೇಳಿದಳಂತೆ: "ಹಿರಿಯೂರು ಕಡೇರಿಗೆ ಏನ್ ತಿಳೀತೈತೆ. ನಮ್ಮ ಹೊಲ ಐತಲ್ಲ, ಹಳಿಯಿಂದ ಆಚೆಗೈತೆ. ಹಸಿದೋರು ಉಣ್ಣಾಕೆ ಅಂದ್ರೆ ಅತ್ಲಾಗೆ ಇತ್ಲಾಗೆ ನೋಡದಂಗೆ ಓಡಿ ಬರ್ತಾರೆ. ಗಾಡಿ ಹೋಗ್ಲಿ, ಆಮೇಲೆ ಕರಿ. ಎಲ್ರೂ ದಾಟಿ ಬಂದ್ಮೇಲೆ ನಾವು ಉಣ್ಣಾದು."

ಒಂದು ಸಲ ಗಾಡಿ ಎಲ್ಲೋ ಕೆಟ್ಟು ನಿಂತು, ಆ ಮನೆಯವರು ಮಧ್ಯಾಹ್ನದ ಊಟವನ್ನು ದೀಪ ಹಚ್ಚಿದ ಮೇಲೆ ಉಂಡರಂತೆ. "ನಮ್ಮೆಜಮಾನ್ರು ಹೊಲದ ಬದಿನಾಗೆ ಕುಂತು ಹಸಿ ಶೇಂಗಾ ತಿಂದು ಹೊಟ್ಟೆ ಕೆಡಿಸ್ಕಂಡ್ರು" ಎಂದು ಅನುಸೂಯಕ್ಕ ಈಗಲೂ ನಗುತ್ತಾಳೆ.

ಈಗ ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬಂದು ಎಷ್ಟೋ ಕಾಲವಾಗಿದೆ. ಅನುಸೂಯಕ್ಕನ ಗಂಡ ಮಲ್ಲೇಶಣ್ಣ ದುರ್ಗದಲ್ಲಿ ಸ್ಕೂಲ್ ಬಸ್ಸಿನ ಡ್ರೈವರು. ಹುಚ್ಚಕ್ಕ ಹೋದ ವರ್ಷ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವಳನ್ನೂ ಇಲ್ಲಿಗೇ ಕರೆತಂದರು. ಸೊಂಟ ಕೂಡಿತು, ಊಟ ಕೂಡಲಿಲ್ಲ. ತಟ್ಟೆ ಹಿಡಿದರೆ ಒಂದೇ ಪ್ರಶ್ನೆ: "ಗಾಡಿ ಹೋತೇನೆ?" ಹೋಯಿತು ಎಂದರೆ, "ಸುಳ್ಳು ಹೇಳ್ತೀಯ, ನಾನು ನೋಡ್ಲಿಲ್ಲ." ಮಲ್ಲೇಶಣ್ಣ ಮೊಬೈಲಿನಲ್ಲಿ ರೈಲಿನ ಕೂಗು ಹಾಕಿ ಕೇಳಿಸಿದ. "ಲಾರಿ" ಎಂದು ಅಜ್ಜಿ ಮಗ್ಗುಲು ತಿರುಗಿದಳು. ಬಲವಂತಕ್ಕೆ ಎರಡು ಚಮಚ ಗಂಜಿ, ಅಷ್ಟೇ. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಅದೇ ದಿನ ಅನುಸೂಯಕ್ಕ ಅತ್ತೆಯ ಆಧಾರ್ ಕಾರ್ಡು ಹಿಡಿದು ನಮ್ಮ ಅಂಗಡಿಗೆ ಬಂದಳು. ನಾನು ಗಿರಾಕಿ ಬಂದದ್ದೂ ತಿಳಿಯದೆ ಮರುಭೂಮಿಯಲ್ಲಿದ್ದೆ.

"ಏನಪ್ಪ ಇದು?"

"ರೈಲು ಓಡಿಸ್ತಿದೀನಿ ಅಕ್ಕ."

"ಸಂಬ್ಳ ಕೊಡ್ತಾರಾ?"

"ಇಲ್ಲಕ್ಕ."

"ಮತ್ತೆ ಇಲ್ಲಿ ಕೊಡೋ ಸಂಬ್ಳ ಯಾತಕ್ಕೆ?" ಎಂದಳು. ಆಮೇಲೆ ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿ ನೋಡಿದಳು. ಸಣ್ಣ ಇಂಜಿನ್ನು ಹೊಗೆಯುಗುಳುತ್ತ ಮರಳಿನಲ್ಲಿ ಹೋಗುತ್ತಿತ್ತು. ಅದು ಮರೆಯಾದ ಮೇಲೆ ಕೇಳಿದಳು: "ಇದನ್ನ ನಮ್ಮೂರಾಗೆ ಓಡಿಸಬೋದಾ?"

ಹೊಸದಾಗಿ ಒಂದು ದಾರಿ ಕಟ್ಟಬೇಕೆಂದರೆ ವರ್ಷಗಟ್ಟಲೆ ಬೇಕು, ನೆಲ, ಗುಡ್ಡ, ಸೇತುವೆ ಎಲ್ಲ ಮೊದಲಿನಿಂದ ಮಾಡಬೇಕು ಎಂದು ನಾನು ದೊಡ್ಡ ಇಂಜಿನಿಯರನ ಹಾಗೆ ವಿವರಿಸಿದೆ. ಅವಳು ಕೇಳಿಸಿಕೊಂಡು ಹೇಳಿದಳು: "ಅಳತೆಗೆ ಇನ್ನೊಬ್ರ ಬ್ಲೌಸು ಸಿಕ್ಕೈತಲ್ಲ. ಹೊಸದು ಯಾಕೆ ಕತ್ತರಿಸ್ಬೇಕು? ಬಿಚ್ಚಿ ನಮ್ಮತ್ತೆ ಮೈಗೆ ಹೊಂದಿಸಾಣ."

ಹಾಗೆ ಆ ಮರುಭೂಮಿ ಹೊಳಲ್ಕೆರೆ ತಾಲ್ಲೂಕಾಗತೊಡಗಿತು. ಅಷ್ಟೇನೂ ಕಷ್ಟವಾಗಲಿಲ್ಲ ಎಂದರೆ ನಮ್ಮ ಕಡೆಯವರು ಬೇಜಾರು ಮಾಡಿಕೊಳ್ಳಬಾರದು. ಮರಳಿನ ಬಣ್ಣ ಸ್ವಲ್ಪ ಕೆಂಪಗೆ ಮಾಡಿ, ಮುಳ್ಳುಗಿಡಗಳನ್ನು ಹಾಗೇ ಬಿಟ್ಟರೆ ಏಪ್ರಿಲ್ ತಿಂಗಳಾಯಿತು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಡಲು ಹೋದೆ. "ಅವಾಗ ಎಲ್ಲಿದ್ವು ಅವು, ತೆಗಿ" ಎಂದು ಅನುಸೂಯಕ್ಕ ಬೈದಳು.

ಸಂಜೆ ಕಲ್ಲೇಶಣ್ಣ ಮನೆಗೆ ಹೋದ ಮೇಲೆ ಕೆಲಸ. ನಾನು ಉಪಗ್ರಹದ ನಕ್ಷೆ ತೆರೆದು ತೋರಿಸುವುದು, ಅವಳು ಹಳೆಯ ನ್ಯೂಸ್ ಪೇಪರಿನ ಮೇಲೆ ಚಾಕಿನಿಂದ ಹಳಿ ಎಳೆದು ಕತ್ತರಿಸುವುದು. ಹೊಳಲ್ಕೆರೆಯಿಂದ ದುರ್ಗದವರೆಗಿನ ದಾರಿ ಪೇಪರಿನ ತುಂಡು ತುಂಡಾಗಿ ಅವಳ ಮಿಷನ್ನಿನ ಪಕ್ಕದಲ್ಲಿ ಗುಡ್ಡೆ ಬಿತ್ತು. ಹಳಿಯ ತಿರುವು ಎಳೆಯುವಾಗ ಮಾತ್ರ ಅವಳ ಕೈ ಅನುಮಾನಿಸಲಿಲ್ಲ. "ಇದೇನು ಮಹಾ, ಕಂಕುಳ ಸುತ್ತು ಇದಕ್ಕಿಂತ ಕಷ್ಟ." ಉಳಿದದ್ದೆಲ್ಲ ಜಗಳವೇ. ಹಳ್ಳದ ಸೇತುವೆ ಊರಿಗೆ ಮುಂಚೆ ಎಂದು ಅವಳು, ಊರಾದ ಮೇಲೆ ಎಂದು ಮಲ್ಲೇಶಣ್ಣ. ನಕ್ಷೆಯಲ್ಲಿ ನೋಡಿದರೆ ಇಬ್ಬರದೂ ತಪ್ಪು, ಅಲ್ಲಿ ಸೇತುವೆಯೇ ಇರಲಿಲ್ಲ. ಗಂಡ ಹೆಂಡತಿ ಒಂದಾಗಿ ನಕ್ಷೆಯನ್ನು ಬೈದರು.

ಹೊಸದುರ್ಗದ ಒಂದು ಮದುವೆ ಮನೆಯ ಬ್ಲೌಸುಗಳು ಕಪಾಟಿನಲ್ಲೇ ಕುಳಿತಿದ್ದವು. ಫೋನ್ ಬಂದರೆ, "ಕೈ ಹೊಲಿಗೆ ಒಂದು ಬಾಕಿ ಐತೆ ಕಣಮ್ಮ" ಎನ್ನುತ್ತಿದ್ದಳು. ಬಟ್ಟೆಗೆ ಇನ್ನೂ ಕತ್ತರಿ ತಾಗಿರಲಿಲ್ಲ.

ತುಂಡುಗಳನ್ನೆಲ್ಲ ಆಟದೊಳಗೆ ಜೋಡಿಸಿ ಮೊದಲ ಸಲ ಗಾಡಿ ಬಿಟ್ಟೆ. ಹೊಳಲ್ಕೆರೆ ಬಿಟ್ಟ ಗಾಡಿ ಹೋಗುತ್ತಲೇ ಇದೆ, ದುರ್ಗ ಬರಲೊಲ್ಲದು. ನಡುನಡುವೆ ಗಿಡವಿಲ್ಲದ, ಮನೆಯಿಲ್ಲದ ಬೋಳು ನೆಲ ಬಂದು ಹೋಗುತ್ತಿತ್ತು. ತಪ್ಪು ನನ್ನದೇ ಇರಬೇಕೆಂದು ಕಂಪ್ಯೂಟರಿಗೆ ಬೈದೆ, ಆಟವನ್ನು ಅಳಿಸಿ ಮತ್ತೆ ಹಾಕಿದೆ, ಕೊನೆಗೆ ನನ್ನ ಬಿ.ಕಾಂ. ಬಗ್ಗೆಯೇ ಅನುಮಾನ ಬಂತು. ಆಮೇಲೆ ಪೇಪರಿನ ತುಂಡುಗಳನ್ನು ನಕ್ಷೆಯ ಪಕ್ಕ ಇಟ್ಟು ನೋಡಿದರೆ ಪ್ರತಿ ತುಂಡೂ ಎರಡೂ ಕೊನೆಯಲ್ಲಿ ಒಂದಿಷ್ಟು ಉದ್ದ.

"ಅಕ್ಕ, ಇದೇನಿದು?"

"ಮಾರ್ಜಿನ್ನು. ಒಳಗೆ ಬಟ್ಟೆ ಬಿಡದಂಗೆ ಯಾರಾದ್ರೂ ಕತ್ತರಿಸ್ತಾರೇನಪ್ಪ? ನಾಳೆ ಬಿಚ್ಚಿ ದೊಡ್ಡದು ಮಾಡಬೇಕಾದ್ರೆ?"

"ಬ್ಲೌಸಿಗೆ ಸರಿ ಅಕ್ಕ. ರೈಲು ದಪ್ಪ ಆಗುತ್ತಾ?"

"ಆತಲ್ಲಪ್ಪ. ಸಣ್ಣ ಹಳಿ ಬಿಚ್ಚಿ ದೊಡ್ಡ ಹಳಿ ಹಾಕಿದ್ದು ಮತ್ತೇನು?"

ನಾನು ಕುಳಿತು ಒಂದೊಂದೇ ಮಾರ್ಜಿನ್ನು ಕತ್ತರಿಸಿ ತೆಗೆದೆ. ಅವರ ಊರಿನ ಹತ್ತಿರದ್ದೊಂದನ್ನು ಮಾತ್ರ ತೆಗೆಯಲಿಲ್ಲ. ಅದಕ್ಕೆ ಕಾರಣ ದೂರದೃಷ್ಟಿಯಲ್ಲ, ಸೋಮಾರಿತನ.

ಭಾನುವಾರ ಮಧ್ಯಾಹ್ನ, ಆಟ ತುಂಬಿಸಿದ ನನ್ನ ಲ್ಯಾಪ್‌ಟಾಪನ್ನು ಅವರ ಮನೆಗೆ ಹೊತ್ತುಕೊಂಡು ಹೋಗಿ ಅಜ್ಜಿಯ ಮಂಚದೆದುರಿನ ಟಿವಿಗೆ ಜೋಡಿಸಿದೆ. ಹುಚ್ಚಕ್ಕನನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ದಿಂಬಿಗೆ ಒರಗಿಸಿದ್ದರು. ಕೈಬಳೆ ಮೊಣಕೈವರೆಗೆ ಜಾರುತ್ತಿದ್ದವು. ನಾನು ಇಂಜಿನ್ನಿನೊಳಗಿನ ನೋಟ ಹಾಕಿ, ನನ್ನ ಜಾಣತನವನ್ನೆಲ್ಲ ಖರ್ಚು ಮಾಡಿ ಗಾಡಿ ಓಡಿಸಿದೆ. ಮುಂದೆ ಹಳಿ, ಎರಡೂ ಕಡೆ ಹೊಲ, ಎದುರಿಗೆ ನುಗ್ಗಿ ಬರುವ ಗುಡ್ಡ.

ಅಜ್ಜಿ ಕಣ್ಣು ಮುಚ್ಚಿಕೊಂಡಳು. "ತಲೆ ತಿರುಗ್ತೈತೆ. ಆರಿಸ್ರಿ ಅದನ್ನ."

"ಗಾಡಿ ಅತ್ತೆ. ನಮ್ಮೂರ ಗಾಡಿ."

"ನಾನ್ಯಾವಾಗ ಗಾಡಿ ಹತ್ತಿದ್ದೆ?"

ತಟ್ಟೆಯಲ್ಲಿದ್ದ ಮುದ್ದೆ ಹಾಗೇ ಒಳಗೆ ಹೋಯಿತು. ಅನುಸೂಯಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಅಳುತ್ತಾಳೇನೋ ಎಂದುಕೊಂಡೆ. ಅಳಲಿಲ್ಲ, ಬೆರಳಿಗೆ ಟೇಪು ಸುತ್ತುತ್ತ, ಬಿಚ್ಚುತ್ತ ಯೋಚಿಸುತ್ತಿದ್ದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಲೇ ನಿರಂಜನ, ನಾವು ಗಾಡಿಯಾಗೆ ಕುಂತ್ವಿ. ಅತ್ತೆ ನಿಂತಿದ್ದು ಹಿತ್ಲಾಗೆ."

ಹಿತ್ತಲು ನಾವು ಮಾಡಿರಲೇ ಇಲ್ಲ. ಮಾಡೋಣವೆಂದರೆ ಜಾಗವೆಲ್ಲಿ? ಎಲ್ಲ ಕಡೆ ಅಳತೆಗೆ ಸರಿಯಾಗಿ ಕತ್ತರಿಸಿ ಬಿಗಿಯಾಗಿ ಜೋಡಿಸಿದ್ದೆ. ಒಂದು ಕಡೆ ಸರಿಸಿದರೆ ಹಳಿ ಕಿತ್ತು ಬರುತ್ತಿತ್ತು. ಉಳಿದದ್ದು ನಾನು ತೆಗೆಯದೆ ಬಿಟ್ಟಿದ್ದ ಆ ಒಂದು ಮಾರ್ಜಿನ್ನು. ಅವರ ಊರಿನ ಪಕ್ಕದಲ್ಲೇ, ಹಳಿಗೆ ತಾಗಿ, ಒಂದು ಹಿತ್ತಲಿಗೆ ಬೇಕಾದಷ್ಟು ಬೋಳು ನೆಲ.

"ನೋಡ್ದಾ" ಎಂದಳು ಅನುಸೂಯಕ್ಕ. ಅಷ್ಟೇ. ಆ ಒಂದು ಮಾತನ್ನು ನನಗೆ ಇವತ್ತಿಗೂ ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ.

ಆ ವಾರವೆಲ್ಲ ಹಿತ್ತಲು ಕಟ್ಟಿದೆವು. ಆಟ ಮಾಡಿದ ದೇಶದವರಿಗೆ ಒರಳುಕಲ್ಲು ಗೊತ್ತಿಲ್ಲ, ಅವರ ನೀರಿನ ತೊಟ್ಟಿಯೊಂದನ್ನು ಕುಗ್ಗಿಸಿ ಒರಳು ಮಾಡಿದೆ. ನುಗ್ಗೆ ಗಿಡದ ಬದಲು ಯಾವುದೋ ಗಿಡ. ಬಟ್ಟೆ ಒಣಹಾಕುವ ತಂತಿಯ ಮೇಲೆ ಒಂದು ಕೆಂಪು ಸೀರೆ ಬೇಕೇ ಬೇಕು ಎಂದಳು ಅಕ್ಕ. ಆ ಸೀರೆಗೇ ನನಗೆ ಎರಡು ಸಂಜೆ ಹಿಡಿಯಿತು. ಅಜ್ಜಿಯ ಗಂಜಿ ಅಷ್ಟರಲ್ಲಿ ಎರಡು ಚಮಚದಿಂದ ಒಂದಕ್ಕೆ ಇಳಿದಿತ್ತು. ಮಲ್ಲೇಶಣ್ಣ ಆಸ್ಪತ್ರೆಗೆ ಫೋನ್ ಮಾಡಿ, ನಳಿಗೆ ಹಾಕಿಸಲು ಸೋಮವಾರ ಕರೆತರುವುದಾಗಿ ಹೇಳಿಬಿಟ್ಟಿದ್ದ.

ಮತ್ತೆ ಭಾನುವಾರ. ಈ ಸಲ ನೋಟವನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿದೆ. ಟಿವಿಯಲ್ಲಿ ಏನೂ ನಡೆಯಲಿಲ್ಲ. ಒರಳು, ತಂತಿ, ಸೀರೆ, ಅದರಾಚೆ ಬರಿಯ ಹಳಿ. ಅಜ್ಜಿ ನೋಡಿದಳು. ಮಲ್ಲೇಶಣ್ಣ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೋದ. ಅನುಸೂಯಕ್ಕ ಕಣ್ಣಲ್ಲೇ ಸುಮ್ಮನಾಗಿಸಿದಳು. ಗಾಡಿಯನ್ನು ಬೇಗ ತರಬೇಡ ಎಂದು ಮೊದಲೇ ನನಗೆ ಹೇಳಿದ್ದಳು. ದೂರದಲ್ಲಿ ಕೂಗು ಹಾಕಿಸಿದೆ. ಆಮೇಲೆ ಹೊಗೆ. ಆಮೇಲೆ ಗಾಡಿ, ಎಡದಿಂದ ಬಂದು, ಒಂದೊಂದೇ ಡಬ್ಬಿಯಾಗಿ ಸೀರೆಯ ಹಿಂದೆ ಹೋಗಿ ಮತ್ತೆ ಕಾಣಿಸಿಕೊಂಡು, ಬಲಕ್ಕೆ ಸರಿದು ಹೋಯಿತು.

ಗಾಡಿ ಹೋದ ಮೇಲೆ ಹಳಿಯ ಆಚೆ ಒಂದು ಒಂಟೆ ನಿಂತಿತ್ತು. ಮರುಭೂಮಿಯ ಒಂಟೆಗಳನ್ನೆಲ್ಲ ತೆಗೆದಿದ್ದೇನೆ ಎಂದುಕೊಂಡಿದ್ದೆ.

"ಅದು ಯಾರ್ದು?" ಎಂದಳು ಅಜ್ಜಿ.

"ಸರ್ಕಸ್‌ನೋರ್ದು ಇರಬೇಕು ಅತ್ತೆ" ಎಂದಳು ಸೊಸೆ, ಕಣ್ಣು ಮಿಟುಕಿಸದೆ.

"ಹೊಲಕ್ಕೆ ಬಿಟ್ಕಂಡಾರೆ ನೋಡು." ಅಜ್ಜಿ ಸ್ವಲ್ಪ ಹೊತ್ತು ಹಳಿಯನ್ನೇ ನೋಡುತ್ತಿದ್ದಳು. "ಎಲ್ರೂ ದಾಟಿದ್ರೇನೆ?"

ಅನುಸೂಯಕ್ಕ ಗಂಡನ ತೋಳು ಹಿಡಿದು ಮಂಚದ ಹತ್ತಿರ ಎಳೆದು ಕೂರಿಸಿದಳು. "ದಾಟಿದ್ರು ಅತ್ತೆ. ಇಲ್ಲೇ ಅವ್ರೆ ನೋಡ್ರಿ."

"ಹಂಗಾರೆ ತಟ್ಟೆ ಹಾಕು."

ಅಜ್ಜಿ ಉಂಡಳು. ನಿಂಬೆಹಣ್ಣಿನಷ್ಟು ಮುದ್ದೆ, ಆಮೇಲೆ ಇನ್ನೊಂದು ಅಷ್ಟೇ. ಮಲ್ಲೇಶಣ್ಣ ಸೋಮವಾರ ಆಸ್ಪತ್ರೆಗೆ ಬದಲು ಸ್ಕೂಲ್ ಬಸ್ಸಿಗೆ ಹೋದ.

ಅಜ್ಜಿಗೆ ಅದು ಟಿವಿ ಎಂದು ಗೊತ್ತಿಲ್ಲವೆಂದು ನಾನು ತಿಳಿದುಕೊಂಡಿದ್ದೆ. ಒಂದು ದಿನ ತಂತಿ ಜೋಡಿಸುತ್ತಿದ್ದಾಗ ಅವಳೇ ಕೇಳಿದಳು, "ಏನಪ್ಪ, ಈ ಗಾಡಿ ಬಿಡೋನು ನೀನೇ ಅಂತಲ್ಲ?" ಹೌದಜ್ಜಿ, ಆದರೆ ಇದು ನಿಜವಾದ ಗಾಡಿಯಲ್ಲ ಎಂದೆ, ಸತ್ಯವಂತನ ಹಾಗೆ. "ನಂಗೇನು ಕಣ್ಣು ಕಾಣಲ್ವಾ? ಯಾವ ಗಾಡಿಯಾದ್ರೂ ಹೋಗ್ಬೇಕು, ಹೋದ್ಮೇಲೆ ಉಣ್ಣಬೇಕು" ಎಂದಳು.

ಹೀಗೆ ನನಗೆ ಕೊನೆಗೂ ರೈಲ್ವೆಯಲ್ಲಿ ಕೆಲಸವಾಯಿತು. ದಿನಾ ಮಧ್ಯಾಹ್ನ ಗಾಡಿ ಬಿಡುವುದು, ಸಂಬಳಕ್ಕೆ ಒಂದು ಮುದ್ದೆ, ಸೊಪ್ಪಿನ ಸಾರು. ಹೊಸದುರ್ಗದ ಬ್ಲೌಸುಗಳು ಮದುವೆಯ ಹಿಂದಿನ ದಿನ ಹೋದವು. ಒಂಟೆಯನ್ನು ತೆಗೆಯಲು ಅನುಸೂಯಕ್ಕ ಬಿಡಲಿಲ್ಲ. ಅಜ್ಜಿ ದಿನಾ ಅದನ್ನು ಬೈದ ಮೇಲೆ ಒಂದು ತುತ್ತು ಹೆಚ್ಚು ಉಣ್ಣುತ್ತಾಳಂತೆ.

ಮೊನ್ನೆ ಪಹಣಿಗೆ ಜನ ಮುತ್ತಿ, ಸರ್ವರ್ ಕೈಕೊಟ್ಟು, ಹೊರಡುವುದು ತಡವಾಯಿತು. ಫೋನ್ ಬಂತು. ಅನುಸೂಯಕ್ಕ ಎಂದುಕೊಂಡು ಎತ್ತಿದರೆ ಅಜ್ಜಿ.

"ಎಲ್ಲಿ ನಿಲ್ಲಿಸ್ಕಂಡಿದೀಯಪ್ಪ? ಇಲ್ಲಿ ಮುದ್ದೆ ಕಲ್ಲಾಗ್ತೈತೆ. ಈ ಮಲ್ಲೇಶ ಹಸ್ಕಂಡು ಕುಂತಾನೆ."

ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿದೆ. "ಎಲ್ಲಿಗಪ್ಪ, ಇಷ್ಟು ಜನ ಇಟ್ಕಂಡು?" ಎಂದ ಕಲ್ಲೇಶಣ್ಣ. ಗಾಡಿ ಲೇಟಾಗಿದೆ ಎಂದು ಹೇಳಿ ಮೆಟ್ಟಿಲಿಳಿದು ಓಡಿದೆ. ಓಣಿಯ ಕೊನೆಯಲ್ಲಿ ರಸ್ತೆ ದಾಟುವಾಗ ಮಾತ್ರ ನಿಂತು, ಅತ್ಲಾಗೆ ಇತ್ಲಾಗೆ ನೋಡಿದೆ.